ಎಕ್ಸ್‌ರೇ ಚೆನ್ನಾಗಿದೆ, ಸರಿ. ಕೈ ಎಷ್ಟು ಮೇಲೆ ಹೋಗತ್ತೆ?

ನನ್ನ ವಾಟ್ಸಾಪಿಗೆ ಬರೋ ಮೆಸೇಜಲ್ಲಿ ಅರ್ಧಕ್ಕರ್ಧ ಎಕ್ಸ್‌ರೇ ಫೋಟೋಗಳೇ. ಕಿಟಕಿ ಬೆಳಕಿಗೆ ಹಿಡಿದು ತೆಗೆದಿರೋ ಫಿಲ್ಮು, ಅಂಚಲ್ಲಿ ಯಾರದೋ ಹೆಬ್ಬೆರಳು, ಕೆಳಗಡೆ "ಮೇಡಂ ಮೂಳೆ ಸರಿಯಾಗಿ ಕೂತಿದೆಯಾ ನೋಡಿ ಹೇಳಿ" ಅಂತ. ನಾನು ಫಿಸಿಯೋಥೆರಪಿಸ್ಟು, ಆಪರೇಷನ್ ಮಾಡೋಳಲ್ಲ, ಮೂಳೆ ವಿಷಯ ನಿಮ್ಮ ಸರ್ಜನ್ನೇ ಹೇಳ್ಬೇಕು ಅಂತ ಟೈಪ್ ಮಾಡಿ ಜೊತೆಗೆ ವಾಪಸ್ ಒಂದೆರಡು ಪ್ರಶ್ನೆ ಹಾಕ್ತೀನಿ, ಕೈ ಎಷ್ಟು ಮೇಲೆ ಹೋಗತ್ತೆ, ಆ ಮಗ್ಗುಲಿಗೆ ಮಲಗಕ್ಕಾಗತ್ತಾ, ಕೆಲಸಕ್ಕೆ ಹೋಗ್ತಿದೀರಾ. ಅದಕ್ಕೆ ಉತ್ತರ ಬರೋದು ಮಾತ್ರ ತುಂಬಾ ಲೇಟು. ಅಲ್ಲಿವರೆಗೂ ಅವರನ್ನ ಯಾರೂ ಹಾಗೆ ಕೇಳೇ ಇರಲ್ಲ.

ಮೂಳೆ ಮುರಿತದ ಟ್ರೀಟ್‌ಮೆಂಟ್ ಮೇಲೆ ನಡೆಯೋ ರಿಸರ್ಚೂ ಬಹಳ ಕಾಲ ಹೀಗೇ ಇತ್ತು. ಮೂಳೆ ಕೂಡ್ತಾ, ಎಷ್ಟು ಡಿಗ್ರಿ ಸೊಟ್ಟ ಇದೆ, ಸ್ಕ್ರೂ ಸಡಿಲ ಆಯ್ತಾ, ಇಷ್ಟೇ ಲೆಕ್ಕ. ಈಗ ಒಂದು ಹದಿನೈದು ಇಪ್ಪತ್ತು ವರ್ಷದಿಂದ ದೊಡ್ಡ ದೊಡ್ಡ ಟ್ರಯಲ್‌ಗಳು ಪೇಷೆಂಟನ್ನೇ ಕೂರಿಸಿಕೊಂಡು ಕೇಳೋಕೆ ಶುರು ಮಾಡಿವೆ. ಬಂದಿರೋ ಉತ್ತರ ಎಷ್ಟೋ ಸರ್ಜನ್‌ಗಳಿಗೂ ರುಚಿಸಿಲ್ಲ, ಪೇಷೆಂಟ್ ಮನೆಯವರಿಗೂ ರುಚಿಸಲ್ಲ, ಹಾಗಾಗಿ ಜರ್ನಲ್‌ನಿಂದ ಆಚೆ ಬರೋದೇ ಕಮ್ಮಿ. ಇವತ್ತು ಸ್ವಲ್ಪ ಉದ್ದ ಬರೀತೀನಿ, ತಾಳ್ಮೆ ಇದ್ರೆ ಓದಿ.

ಭುಜದಿಂದ ಶುರು ಮಾಡ್ತೀನಿ. ವಯಸ್ಸಾದವರು ಜಾರಿ ಬಿದ್ದಾಗ ತೋಳಿನ ಮೂಳೆ ಮೇಲ್ಗಡೆ, ಭುಜದ ಕೀಲಿನ ಹತ್ರನೇ ಮುರಿಯೋದು ತುಂಬಾ ಕಾಮನ್. ತುಂಡುಗಳು ಜಾಗ ಬಿಟ್ಟು ಸರಿದಿದ್ರೆ ಎಕ್ಸ್‌ರೇ ನೋಡಿದ ಯಾರಿಗಾದ್ರೂ ಗಾಬರಿ ಆಗತ್ತೆ, ಪ್ಲೇಟ್ ಹಾಕಿಸಿಬಿಡೋಣ ಅಂತ್ಲೇ ಅನ್ಸತ್ತೆ. ಬ್ರಿಟನ್ನಲ್ಲಿ ಪ್ರೊಫರ್ ಅಂತ ಒಂದು ಟ್ರಯಲ್ ಮಾಡಿದ್ರು, ಇಂಥ 250 ಜನರನ್ನ ತಗೊಂಡು ಅರ್ಧ ಜನಕ್ಕೆ ಸರ್ಜರಿ, ಇನ್ನರ್ಧ ಜನಕ್ಕೆ ಬರೀ ಸ್ಲಿಂಗು, ಆಮೇಲೆ ಎರಡೂ ಗುಂಪಿಗೂ ಫಿಸಿಯೋ. ಯಾರಿಗೆ ಯಾವುದು ಅನ್ನೋದನ್ನ ಡಾಕ್ಟ್ರೂ ಆರಿಸೋ ಹಾಗಿಲ್ಲ, ಪೇಷೆಂಟೂ ಆರಿಸೋ ಹಾಗಿಲ್ಲ, ಲಾಟರಿ ಥರ. 2 ವರ್ಷ ಫಾಲೋ ಮಾಡಿ 2015ರಲ್ಲಿ ಜಾಮಾ ಜರ್ನಲ್ಲಲ್ಲಿ ರಿಸಲ್ಟ್ ಹಾಕಿದ್ರು. ಅಳತೆ ಯಾವುದು ಗೊತ್ತಾ, ಆಕ್ಸ್‌ಫರ್ಡ್ ಶೋಲ್ಡರ್ ಸ್ಕೋರ್ ಅಂತ, 12 ಪ್ರಶ್ನೆ, ಒಟ್ಟು 48 ಮಾರ್ಕ್ಸು. ತಲೆ ಬಾಚ್ಕೊಳ್ಳೋಕೆ ಆಗತ್ತಾ, ಕಂಕುಳು ತೊಳ್ಕೊಂಡು ಒರೆಸ್ಕೊಳ್ಳೋಕೆ ಆಗತ್ತಾ, ಊಟದ ಟ್ರೇ ಹಿಡ್ಕೊಂಡು ಕೋಣೆ ದಾಟೋಕೆ ಆಗತ್ತಾ, ರಾತ್ರಿ ನೋವಿಗೆ ಎಚ್ಚರ ಆಗತ್ತಾ. ಅಷ್ಟೇ. ಎರಡೂ ಗುಂಪಿನ ಮಾರ್ಕ್ಸು ಹೆಚ್ಚೂಕಮ್ಮಿ ಒಂದೇ! 5 ವರ್ಷ ಆದ್ಮೇಲೆ ಮತ್ತೆ ನೋಡಿದ್ರು, ಆಗಲೂ ಅದೇ ಕಥೆ.

ಇದು ಬಂದಾಗ ಸರ್ಜನ್‌ಗಳಲ್ಲಿ ದೊಡ್ಡ ಜಗಳನೇ ಆಯ್ತು, ಅವರ ವಾದದಲ್ಲೂ ಹುರುಳಿದೆ. ಸರ್ಜರಿ ಬೇಕೇ ಬೇಕು ಅಂತ ಸರ್ಜನ್‌ಗೆ ಖಚಿತ ಅನ್ನಿಸಿದವರನ್ನ ಆ ಟ್ರಯಲ್ಲಿಗೆ ಸೇರಿಸಿರಲಿಲ್ಲ, ಹಾಗಾಗಿ ಭುಜದ ಎಲ್ಲಾ ಫ್ರಾಕ್ಚರಿಗೂ ಇದು ಅನ್ವಯ ಆಗಲ್ಲ. ಒಪ್ಪಿದೆ. ಆದ್ರೆ ನಂಗೆ ಅನ್ಸೋದು ಬೇರೆ. ಈ ಥರ ಟ್ರಯಲ್ಲಲ್ಲಿ ತನಗೆ ಸರ್ಜರಿ ಆಗಿದೆಯೋ ಇಲ್ವೋ ಅಂತ ಪೇಷೆಂಟಿಗೆ ಗೊತ್ತೇ ಇರತ್ತೆ, ಮುಚ್ಚಿಡಕ್ಕಾಗಲ್ಲ. ಆಪರೇಷನ್ ಮಾಡಿಸ್ಕೊಂಡವರು "ಇಷ್ಟೆಲ್ಲಾ ಮಾಡಿದಾರಲ್ಲ, ಈಗ ವಾಸಿ" ಅಂತ ಒಂದೆರಡು ಮಾರ್ಕ್ಸು ಜಾಸ್ತಿನೇ ಹಾಕೋದು ಸಹಜ. ಅಷ್ಟಿದ್ದೂ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ಸ್ವಲ್ಪ ಯೋಚನೆ ಮಾಡ್ಬೇಕಲ್ವಾ.

ನನ್ನ ಟೇಬಲ್ ಹತ್ರ ನೋಡೋದನ್ನೇ ಹೇಳ್ತೀನಿ. ಬಾಚಣಿಗೆ ಕೈಗೆ ಕೊಟ್ಟು ತಲೆ ಬಾಚಿ ಅಂತೀನಿ. ಕೆಲವರು ಬಾಚ್ತಾರೆ ಕೂಡ. ಆದ್ರೆ ಸೈಡಿಂದ ನೋಡಿದ್ರೆ ಕೈ ತಲೆ ಹತ್ರ ಹೋಗಿರಲ್ಲ, ತಲೆನೇ ಬಗ್ಗಿ ಕೈ ಹತ್ರ ಬಂದಿರತ್ತೆ, ಭುಜ ಕಿವಿವರೆಗೂ ಏರಿರತ್ತೆ, ಕತ್ತು ವಾರೆ ಆಗಿರತ್ತೆ. ಒಬ್ಬ ಅಜ್ಜಿಗೆ ಪ್ಲೇಟ್ ಹಾಕಿದ್ರು, ಎಕ್ಸ್‌ರೇ ಪಾಠ ಮಾಡೋಕೆ ಇಟ್ಕೋಬೇಕು ಅಷ್ಟು ನೀಟಾಗಿತ್ತು, ಆದ್ರೆ ಹಿಂದಲೆಗೆ ಕೈ ಹೋಗ್ತಿರಲಿಲ್ಲ. ಅದೇ ಸಮಯಕ್ಕೆ ಬರ್ತಿದ್ದ ಇನ್ನೊಬ್ಬರ ಮೂಳೆ ಸೊಟ್ಟಕ್ಕೇ ಕೂಡಿತ್ತು, ನೋಡಿದ್ರೆ ಯಾರಾದ್ರೂ ಬೈಬೇಕು, ಅವರು ಆರಾಮಾಗಿ ಜಡೆ ಹಾಕ್ಕೊಂಡು ಬರೋರು. ಇಬ್ಬರನ್ನ ಇಟ್ಕೊಂಡು ಸಿದ್ಧಾಂತ ಕಟ್ಟೋ ಹಾಗಿಲ್ಲ ಅಂತ ನಂಗೂ ಗೊತ್ತು, ಟ್ರಯಲ್ ಬೇಕಾಗೋದೇ ಅದಕ್ಕೆ. ಆದ್ರೆ ಮನೆಯವರು ಮಾತ್ರ ಇಬ್ಬರಲ್ಲೂ ಎಕ್ಸ್‌ರೇನೇ ನೋಡ್ತಿದ್ರು.

ಈ ಮಾತನ್ನ ನೂರು ವರ್ಷದ ಹಿಂದೆನೇ ಒಬ್ಬ ಹೇಳಿದ್ದ, ಕೇಳಿಸ್ಕೊಂಡೋರು ಕಮ್ಮಿ. ಅಮೆರಿಕದ ಬಾಸ್ಟನ್‌ನ ಸರ್ಜನ್ ಅರ್ನೆಸ್ಟ್ ಕಾಡ್ಮನ್, ತಮಾಷೆ ಅಂದ್ರೆ ಇವನೂ ಭುಜದ ಸ್ಪೆಷಲಿಸ್ಟೇ. ಪ್ರತಿ ಪೇಷೆಂಟನ್ನೂ ಡಿಸ್ಚಾರ್ಜ್ ಆದ್ಮೇಲೆ ಸಾಕಷ್ಟು ಕಾಲ ಹಿಂಬಾಲಿಸಿ ಟ್ರೀಟ್‌ಮೆಂಟ್ ಕೆಲಸ ಮಾಡ್ತಾ ಇಲ್ವಾ ನೋಡಿ, ಇಲ್ಲ ಅಂದ್ರೆ ಯಾಕೆ ಅಂತ ಬರೆದು ಎಲ್ಲರಿಗೂ ತೋರಿಸಿ ಅಂದ. ಬರೀ ಅನ್ನಲಿಲ್ಲ, ತಾನೇ ಒಂದು ಸಣ್ಣ ಆಸ್ಪತ್ರೆ ತೆಗೆದ, 1911ರಿಂದ 1916ರವರೆಗೆ ಡಿಸ್ಚಾರ್ಜ್ ಮಾಡಿದ 337 ಪೇಷೆಂಟ್‌ಗಳಲ್ಲಿ ಆದ 123 ತಪ್ಪುಗಳನ್ನ ಅಚ್ಚು ಹಾಕಿಸಿದ! 1915ರಲ್ಲಿ ಒಂದು ಮೀಟಿಂಗಲ್ಲಿ ದೊಡ್ಡ ಕಾರ್ಟೂನ್ ಬಿಚ್ಚಿದ, ತಲೆ ಮರಳಲ್ಲಿ ಹೂತಿಟ್ಕೊಂಡು ಡಾಕ್ಟರುಗಳ ಕಡೆಗೆ ಚಿನ್ನದ ಮೊಟ್ಟೆ ಒದೀತಿರೋ ಉಷ್ಟ್ರಪಕ್ಷಿ. ಊರಿನ ಡಾಕ್ಟರೆಲ್ಲಾ ಉರಿದುಬಿದ್ರು. 1940ರಲ್ಲಿ ಸತ್ತಾಗ ಸಮಾಧಿಗೆ ಹೆಸರು ಬರೆದ ಕಲ್ಲೂ ಇರಲಿಲ್ಲ, ಅದನ್ನ ನೆಟ್ಟಿದ್ದು 2014ರಲ್ಲಿ. ಪ್ರೊಫರ್ ರಿಸಲ್ಟ್ ಬಂದಿದ್ದು ಅದರ ಮುಂದಿನ ವರ್ಷ.

ಸರಿ, ಮಣಿಕಟ್ಟಿಗೆ ಬರೋಣ. ಇದೇ ಥರ ಡ್ರಾಫ್ಟ್ ಅಂತ ಟ್ರಯಲ್, 461 ಜನ, 2014ರಲ್ಲಿ ಬಿಎಂಜೆ ಅನ್ನೋ ಜರ್ನಲ್ಲಲ್ಲಿ ಬಂತು. ಸ್ಕ್ರೂ ಕೂಡಿಸಿದ ದುಬಾರಿ ಪ್ಲೇಟು ಒಂದು ಕಡೆ, ಚರ್ಮದ ಮೇಲಿಂದಲೇ ತೂರಿಸೋ ಕೆ-ವೈರ್ ಅನ್ನೋ ಸಾದಾ ತಂತಿ ಇನ್ನೊಂದು ಕಡೆ. ವರ್ಷ ಆದ್ಮೇಲೆ ಬಾಗಿಲ ಹಿಡಿ ತಿರುಗಿಸೋದು, ಶರ್ಟಿನ ಗುಂಡಿ ಹಾಕೋದು, ಕೈ ಊರಿ ಕುರ್ಚಿಯಿಂದ ಏಳೋದು, ಇಂಥದ್ದನ್ನ ಕೇಳಿದ್ರು, ಲೆಕ್ಕಕ್ಕೆ ಬರೋ ವ್ಯತ್ಯಾಸ ಇಲ್ಲ. ಆಮೇಲೆ ಅದೇ ತಂಡದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೂಳೆ ಎಳೆದು ಕೂರಿಸಿದ ಮೇಲೆ ತಂತಿನಾದ್ರೂ ಬೇಕಾ, ಬರೀ ಪ್ಲಾಸ್ಟರ್ ಸಾಲ್ದಾ ಅಂತ 500 ಜನರಲ್ಲಿ ನೋಡಿದ್ರು, 2022ರಲ್ಲಿ ಬಂತು. ವರ್ಷದ ಕೊನೇಲಿ ಕೈ ಕೆಲಸ ಎರಡೂ ಕಡೆ ಒಂದೇ. ಆದ್ರೆ ಇಲ್ಲೊಂದು ಕೊಕ್ಕೆ ಇದೆ, ಪ್ಲಾಸ್ಟರ್ ಗುಂಪಲ್ಲಿ 13% ಜನಕ್ಕೆ ಮೊದಲ 6 ವಾರದೊಳಗೆ ಮೂಳೆ ಮತ್ತೆ ಸರಿದು ಆಪರೇಷನ್ ಬೇಕಾಯ್ತು, ತಂತಿ ಗುಂಪಲ್ಲಿ ಹಾಗಾಗಿದ್ದು ಒಬ್ಬರಿಗೆ ಮಾತ್ರ. ಈಗ ನೀವೇ ಹೇಳಿ, ಇದನ್ನ ಓದಿ ಪ್ಲಾಸ್ಟರ್ ಗೆದ್ದಿತು ಅಂತೀರಾ, ತಂತಿ ಗೆದ್ದಿತು ಅಂತೀರಾ? ಎಂಟರಲ್ಲಿ ಏಳು ಜನ ತಂತಿ ಚುಚ್ಚಿಸ್ಕೊಳ್ಳದೇನೇ ತಪ್ಪಿಸ್ಕೊಂಡ್ರು ಅಂತ ಒಬ್ಬರಿಗೆ ಕಾಣತ್ತೆ, ಎಂಟರಲ್ಲಿ ಒಬ್ಬರು ಎರಡೆರಡು ಸಲ ಅನುಭವಿಸಿದ್ರು ಅಂತ ಇನ್ನೊಬ್ಬರಿಗೆ ಕಾಣತ್ತೆ. ಇದನ್ನ ತೀರ್ಮಾನ ಮಾಡ್ಬೇಕಾಗಿರೋದು ಪೇಷೆಂಟು, ಆದ್ರೆ ಈ ಅಂಕಿನ ಅವರ ಮುಂದೆ ಇಟ್ಟವರನ್ನ ನಾನು ನೋಡಿರೋದು ಕಮ್ಮಿ.

ಇಷ್ಟು ಓದಿ ಈಯಮ್ಮ ಆಪರೇಷನ್ನೇ ಬೇಡ ಅಂತಿದಾರೆ ಅಂತ ಶೇರ್ ಮಾಡ್ಬೇಡಿ ದಯವಿಟ್ಟು. ಸೊಂಟದ ಕೀಲಿನ ಮುರಿತ, ಅಂದ್ರೆ ಹಿಪ್ ಫ್ರಾಕ್ಚರ್, ಅದರಲ್ಲಿ ಲೆಕ್ಕಾಚಾರನೇ ಬೇರೆ. ವಯಸ್ಸಾದವರನ್ನ ಮೂಳೆ ತಾನಾಗೇ ಕೂಡ್ಲಿ ಅಂತ ಹಾಸಿಗೇಲಿ ಮಲಗಿಸಿಟ್ರೆ ಎದೇಲಿ ಕಫ, ಬೆನ್ನಲ್ಲಿ ಹುಣ್ಣು, ಕಾಲಲ್ಲಿ ರಕ್ತ ಹೆಪ್ಪು, ಒಂದರ ಹಿಂದೆ ಒಂದು. ಅಲ್ಲಿ ಸರ್ಜರಿ ಮಾಡೋದೇ ಬೇಗ ಎಬ್ಬಿಸಿ ನಿಲ್ಲಿಸೋಕೆ. ಎಷ್ಟು ಬೇಗ ಅನ್ನೋದನ್ನೂ ಟೆಸ್ಟ್ ಮಾಡಿದಾರೆ, ಹಿಪ್ ಅಟ್ಯಾಕ್ ಅಂತ ಟ್ರಯಲ್ಲು, 17 ದೇಶ, 2970 ಜನ, ಲ್ಯಾನ್ಸೆಟ್ ಜರ್ನಲ್ಲಲ್ಲಿ 2020ರಲ್ಲಿ ಬಂತು. ಗೊತ್ತಾಗಿ 6 ಗಂಟೆಯೊಳಗೆ ಆಪರೇಷನ್ ಮಾಡೋ ಗುರಿ ಒಂದು ಕಡೆ, ಎಂದಿನ ಹಾಗೆ ಸುಮಾರು 24 ಗಂಟೆಗೆ ಮಾಡೋದು ಇನ್ನೊಂದು ಕಡೆ. ಸಾವು 9% ಮತ್ತು 10%, ಅಂದ್ರೆ ಬದಲಾವಣೆ ಅನ್ನೋ ಅಷ್ಟಿಲ್ಲ. ಆದ್ರೆ ಬೇಗ ಮಾಡಿಸಿಕೊಂಡವರಿಗೆ ಆಪರೇಷನ್ ಆದ್ಮೇಲೆ ಬರೋ ಬುದ್ಧಿಭ್ರಮೆ, ಅದೇ ರಾತ್ರಿಯೆಲ್ಲಾ ಎದ್ದು ಏನೇನೋ ಮಾತಾಡೋದು, ಅದು ಕಮ್ಮಿ ಇತ್ತು, ಬೇಗ ಎದ್ದು ನಿಂತ್ರು. ವಾರ್ಡಲ್ಲಿ ಅಂಥ ರಾತ್ರಿ ಕಳೆದಿರೋ ಮಗನನ್ನೋ ಸೊಸೆನನ್ನೋ ಕೇಳಿ, ಇದು ಸಣ್ಣ ವಿಷಯನಾ ಅಂತ.

ಇನ್ನೊಂದು, ಹಿಪ್ ಫ್ರಾಕ್ಚರಲ್ಲಿ ಜೀವ ಉಳಿಸಿರೋದು ಹೊಸ ಹೊಸ ಇಂಪ್ಲಾಂಟ್, ಅಂದ್ರೆ ಒಳಗೆ ಕೂರಿಸೋ ರಾಡು, ಸ್ಕ್ರೂ, ಕೃತಕ ಕೀಲು, ಅಂತ ಅಂದ್ಕೊಂಡಿರ್ತೀವಿ. ಇಂಗ್ಲೆಂಡಲ್ಲಿ 2007ರಲ್ಲಿ ಇಂಥ ಎಲ್ಲಾ ಕೇಸುಗಳನ್ನ ಒಂದೇ ರಿಜಿಸ್ಟರಲ್ಲಿ ಬರೆಯೋ ವ್ಯವಸ್ಥೆ ಶುರು ಮಾಡಿದ್ರು, ಬೇಗ ಆಪರೇಷನ್, ಜೊತೆಗೆ ವೃದ್ಧರ ಸ್ಪೆಷಲಿಸ್ಟ್ ಡಾಕ್ಟ್ರು ಬಂದು ಬಿಪಿ ಶುಗರ್ ಮಾತ್ರೆಗಳನ್ನೆಲ್ಲಾ ನೋಡೋದು, ಹೀಗೆ ಮಾಡಿದ ಆಸ್ಪತ್ರೆಗೆ 2010ರಿಂದ ಜಾಸ್ತಿ ದುಡ್ಡು. 30 ದಿನದೊಳಗಿನ ಸಾವು 2007ರಲ್ಲಿ 10.9% ಇದ್ದಿದ್ದು 2011ಕ್ಕೆ 8.5% ಆಯ್ತು. ಲೆಕ್ಕ ಇಟ್ಟಿದ್ದು, ತೋರಿಸಿದ್ದು, ಟೈಮಿಗೆ ಮಾಡಿದ್ದು. ಇದನ್ನ ಯಾವ ಕಂಪನಿ ರೆಪ್ರೆಸೆಂಟೇಟಿವೂ ಬ್ಯಾಗಲ್ಲಿ ಹೊತ್ಕೊಂಡು ಬಂದು ಮಾರಲ್ಲ ನೋಡಿ.

ನನ್ನನ್ನ ಎಲ್ಲಕ್ಕಿಂತ ಕಾಡಿರೋ ಸ್ಟಡಿ ಮಾತ್ರ ಲೀಪ್. ಅಮೆರಿಕದ 8 ಟ್ರಾಮಾ ಸೆಂಟರ್ (ದೊಡ್ಡ ಪೆಟ್ಟಿನ ಕೇಸು ನೋಡೋ ಆಸ್ಪತ್ರೆ), 569 ಜನ, ಎಲ್ಲರಿಗೂ ಕಾಲು ಉಳಿಯತ್ತೋ ಇಲ್ವೋ ಅನ್ನೋ ಮಟ್ಟದ ಪೆಟ್ಟು. ಕೆಲವರಿಗೆ ಕಾಲು ತೆಗೆದ್ರು, ಕೆಲವರಿಗೆ ಆಪರೇಷನ್ ಮೇಲೆ ಆಪರೇಷನ್ ಮಾಡಿ ಉಳಿಸಿದ್ರು (ಇದು ಲಾಟರಿ ಹಾಕಿ ಮಾಡಿದ್ದಲ್ಲ, ಹಾಗೆ ಮಾಡೋಕೂ ಆಗಲ್ಲ). 2002ರಲ್ಲಿ ಬಂದ ರಿಸಲ್ಟ್ ಪ್ರಕಾರ 2 ವರ್ಷ ಆದ್ಮೇಲೆ ಎರಡೂ ಗುಂಪಿನವರ ಬದುಕಿನ ಕಷ್ಟದ ಸ್ಕೋರು ಹೆಚ್ಚೂಕಮ್ಮಿ ಒಂದೇ, ಕೆಲಸಕ್ಕೆ ವಾಪಸ್ ಹೋಗಿದ್ದೂ ಎರಡೂ ಕಡೆ ಸುಮಾರು ಅರ್ಧ ಜನ ಮಾತ್ರ. ಮತ್ತೆ ಯಾರು ಚೆನ್ನಾಗಿದ್ರು ಯಾರು ಇಲ್ಲ ಅಂತ ಬಗೆದು ನೋಡಿದ್ರೆ ಸಿಕ್ಕಿದ್ದೇನು, ಬಡತನ, ಕಮ್ಮಿ ಓದು, ಇನ್ಶೂರೆನ್ಸ್ ಇಲ್ಲದೇ ಇರೋದು, ಹತ್ತಿರದವರ ಆಸರೆ ಇಲ್ಲದೇ ಇರೋದು, ಸಿಗರೇಟು, ಇನ್ಫೆಕ್ಷನ್ನಂಥ ತೊಂದರೆ ಆಗಿ ಮತ್ತೆ ಅಡ್ಮಿಟ್ ಆಗಿದ್ದು, ನನ್ನ ಕೈಲಿ ಇದು ಆಗತ್ತೆ ಅನ್ನೋ ಧೈರ್ಯ ಕಮ್ಮಿ ಇರೋದು. ಇದನ್ನ ಮೊದಲ ಸಲ ಓದಿದಾಗ ನಂಗೆ ಸಿಟ್ಟೇ ಬಂದಿತ್ತು. ಕಾಲು ಉಳಿಸೋಕೆ ಹತ್ತು ಗಂಟೆ ಥಿಯೇಟರಲ್ಲಿ ನಿಲ್ಲೋ ಸಿಸ್ಟಮ್ಮು ಆ ಮನುಷ್ಯ ಮನೆಗೆ ಹೋದ್ಮೇಲೆ ಯಾರು ನೋಡ್ಕೋತಾರೆ, ಕೆಲಸ ಇದೆಯಾ, ರಾತ್ರಿ ಆಕ್ಸಿಡೆಂಟ್ ಕನಸು ಬಿದ್ದು ಬೆಚ್ಚಿಬೀಳ್ತಾನಾ ಅಂತ ಹತ್ತು ನಿಮಿಷ ಕೇಳಲ್ಲ. ಕೇಳೋದು ಯಾರ ಕೆಲಸ ಅಂತನೇ ನಿಗದಿ ಆಗಿಲ್ಲ, ಸರ್ಜನ್ ಫಿಸಿಯೋ ಕಡೆ ತೋರಿಸ್ತಾರೆ, ನಾವು ಕೌನ್ಸೆಲರ್ ಕಡೆ ತೋರಿಸ್ತೀವಿ, ಕೌನ್ಸೆಲರ್ ಪೋಸ್ಟು ಖಾಲಿ.

ಇನ್ನು ನಮ್ಮ ಕ್ಷೇತ್ರದ್ದೇ ಒಂದು. ಆಂಕಲ್ ಫ್ರಾಕ್ಚರ್, ಅಂದ್ರೆ ಪಾದದ ಕೀಲಿನ ಹತ್ರದ ಮುರಿತ, ಅದರ ಆಪರೇಷನ್ ಆದ್ಮೇಲೆ 6 ವಾರ ಕಾಲು ಊರಬೇಡಿ ಅನ್ನೋದು ಎಷ್ಟೋ ಕಡೆ ವೇದವಾಕ್ಯ. ವ್ಯಾಕ್ಸ್ ಅನ್ನೋ ಟ್ರಯಲ್ಲು 561 ಜನರಲ್ಲಿ 2 ವಾರಕ್ಕೇ ಊರಿಸಿ ನೋಡ್ತು, 2024ರಲ್ಲಿ ಲ್ಯಾನ್ಸೆಟಲ್ಲಿ ಬಂತು, 4 ತಿಂಗಳಿಗೆ ನೋಡಿದ್ರೆ ಬೇಗ ಊರಿದವರು ಏನೂ ಹಿಂದೆ ಬಿದ್ದಿರಲಿಲ್ಲ. ಎಲ್ಲರಿಗೂ ಅಂತಲ್ಲ, ಮುರಿತ ಯಾವ ಥರದ್ದು ಅಂತ ನೋಡಿ ಸರ್ಜನ್ನೇ ಹೇಳ್ಬೇಕು. ಆದ್ರೆ ಜಾಸ್ತಿಯಾಗಿ ಕಾಲು ಊರದೇ ಇರೋ ಆ 4 ವಾರ ಅಂದ್ರೆ ಏನು ಅಂತ ಯೋಚಿಸಿ, ಕೆಲಸಕ್ಕೆ ರಜೆ, ಬಾತ್‌ರೂಮಿಗೂ ಇನ್ನೊಬ್ಬರು ಬೇಕು, ಮೀನಖಂಡ ಕರಗಿ ನನ್ನ ಹತ್ರ ಬರೋವಾಗ ಎರಡು ಕಾಲೂ ಬೇರೆ ಬೇರೆಯವರದ್ದೇನೋ ಅನ್ನೋ ಹಾಗಿರತ್ತೆ. ಡಿಸ್ಚಾರ್ಜ್ ದಿನ "ನಾನು ಯಾವತ್ತು ಕಾಲು ಊರಬಹುದು, ಎಷ್ಟು ಭಾರ ಹಾಕಬಹುದು" ಅಂತ ಕೇಳಿ ಬರೆಸ್ಕೊಳ್ಳಿ, ಬಾಯಿಮಾತಲ್ಲಿ ಬಿಡ್ಬೇಡಿ. ಆಪರೇಷನ್ ಮುಂಚೆ ಕೇಳೋದಾದ್ರೆ "ಮಾಡಿಸದೇ ಇದ್ರೆ ವರ್ಷ ಆದ್ಮೇಲೆ ನಾನು ಹೇಗಿರ್ತೀನಿ" ಅಂತ. ಒಳ್ಳೆ ಸರ್ಜನ್‌ಗಳು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ, ಕುರ್ಚಿ ಎಳ್ಕೊಂಡು ಕೂತು ಹೇಳ್ತಾರೆ, ಅಂಥವರ ಜೊತೆ ಕೆಲಸ ಮಾಡಿರೋದ್ರಿಂದ್ಲೇ ಹೇಳ್ತಿದೀನಿ.

ಈ ರಿಸರ್ಚಿಗೆಲ್ಲಾ ಒಂದೇ ಶತ್ರು, ಪೇಷೆಂಟ್ ವಾಪಸ್ ಬರದೇ ಇರೋದು. ಚೆನ್ನಾಗಿರೋರು ಯಾಕೆ ಹೋಗ್ಬೇಕು ಅಂತ ಬರಲ್ಲ, ಕೆಟ್ಟದಾಗಿ ಆಗಿರೋರು ಸಿಟ್ಟಲ್ಲಿ ಬೇರೆ ಆಸ್ಪತ್ರೆಗೆ ಹೋಗಿರ್ತಾರೆ, ನಂಬರ್ ಬದಲಾಗಿರತ್ತೆ. ಮಧ್ಯದಲ್ಲಿ ಉಳಿದವರ ಲೆಕ್ಕ ಹಾಕಿ ರಿಸಲ್ಟ್ ಬರೆದ್ರೆ ಅದು ಯಾರ ರಿಸಲ್ಟು? ಹಾಗಾಗಿ ನೀವೇನಾದ್ರೂ ಯಾವುದಾದ್ರೂ ಸ್ಟಡಿಗೆ ಸಹಿ ಹಾಕಿದ್ರೆ, ವರ್ಷ ಬಿಟ್ಟು ಯಾರೋ ಫೋನ್ ಮಾಡಿ ಬಾಗಿಲ ಹಿಡಿ ತಿರುಗಿಸಕ್ಕಾಗತ್ತಾ, ಗುಂಡಿ ಹಾಕ್ಕೋತೀರಾ ಅಂತ ಕೇಳಿದ್ರೆ ಸ್ಪ್ಯಾಮ್ ಅಂತ ಕಟ್ ಮಾಡ್ಬೇಡಿ. ಐದು ನಿಮಿಷ ಉತ್ತರ ಹೇಳಿ, ಆಗಲ್ಲ ಅಂದ್ರೆ ಆಗಲ್ಲ ಅಂತನೇ ಹೇಳಿ, ಡಾಕ್ಟ್ರು ಬೇಜಾರಾಗ್ತಾರೇನೋ ಅಂತ ಮಾರ್ಕ್ಸು ಏರಿಸ್ಬೇಡಿ.