ಫೌಸ್ಟ್ ಕಥೆ ಕೇಳಿದರೆ ನನಗೆ ನಗು ಬರಲ್ಲ

ಹಳೇ ಬೇಸ್‌ಬಾಲ್ ಆಟಗಾರರ ವಿಚಿತ್ರ ಕಥೆಗಳನ್ನು ಹುಡುಕಿ ಓದುವ ಚಟ ನನಗೆ. ಬೇಬ್ ರೂತ್ ತರಹದ ದೊಡ್ಡವರದ್ದಲ್ಲ, ಹೆಚ್ಚು ಜನಕ್ಕೆ ಗೊತ್ತಿಲ್ಲದವರದ್ದು. ಆದರೆ ಈ ಕಥೆ ಹೇಳುವವರ ಮೇಲೆ ನನ್ನದೊಂದು ತಕರಾರಿದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಗುತ್ತಾರೆ. ತಾನೇ ತಮಾಷೆ ಮಾಡಿದವನು ಬೇರೆ, ಊರವರೆಲ್ಲ ಸೇರಿ ತಮಾಷೆ ಮಾಡಿದ ಪಾಪದವನು ಬೇರೆ ಅಲ್ವಾ? ಚಾರ್ಲಿ ಫೌಸ್ಟ್ ಈ ಎರಡನೇ ಥರದವನು, ಅವನ ಕಥೆಗೆ ಆಮೇಲೆ ಬರ್ತೀನಿ.

ವಾಷಿಂಗ್ಟನ್ ತಂಡದ ಜರ್ಮನಿ ಶೇಫರ್‌ನನ್ನೇ ನೋಡಿ (ಜರ್ಮನಿ ಅನ್ನೋದು ಅವನ ಅಡ್ಡಹೆಸರು). 1911ರ ಆಗಸ್ಟ್, ವಾಷಿಂಗ್ಟನ್ ಮತ್ತು ಶಿಕಾಗೋ ವೈಟ್ ಸಾಕ್ಸ್ ನಡುವಿನ ಆಟ. ಬೇಸ್‌ಬಾಲ್‌ನಲ್ಲಿ ಮೂರು ಬೇಸ್‌ಗಳನ್ನು ಒಂದಾದ ಮೇಲೊಂದು ಮುಟ್ಟಿ, ಬ್ಯಾಟ್ ಬೀಸಿದ ಜಾಗಕ್ಕೇ, ಅಂದರೆ ಹೋಮ್‌ಗೆ, ವಾಪಸ್ ಬಂದರೆ ಒಂದು ರನ್. ಶೇಫರ್ ಮೊದಲ ಬೇಸ್‌ನಲ್ಲಿ, ಜೊತೆಗಾರ ಮಿಲನ್ ಮೂರನೆಯದರಲ್ಲಿ. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರದವನು) ತನ್ನ ಕಡೆ ಬಾಲ್ ಎಸೆಯಲಿ, ಆ ಸಂದಿಯಲ್ಲಿ ಮಿಲನ್ ಹೋಮ್‌ಗೆ ನುಗ್ಗಲಿ ಅಂತ ಶೇಫರ್ ಎರಡನೇ ಬೇಸ್ ಕದ್ದ, ಅಂದರೆ ಯಾರೂ ಬಾಲ್ ಹೊಡೆಯದಿದ್ದರೂ ಅಲ್ಲಿಗೆ ಓಡಿಬಿಟ್ಟ. ಕ್ಯಾಚರ್ ಜಪ್ಪಯ್ಯ ಅಂದರೂ ಎಸೆಯಲಿಲ್ಲ. ಈ ಮಹಾಶಯ ಏನು ಮಾಡಿದ ಗೊತ್ತಾ? ಮೊದಲಿಂದ ಶುರು ಮಾಡೋಣ ಅಂತ ವಾಪಸ್ ಮೊದಲ ಬೇಸ್‌ಗೇ ಓಡಿದ! ಎದುರಾಳಿ ಮ್ಯಾನೇಜರ್ ಮೈದಾನಕ್ಕೇ ಇಳಿದು ಜಗಳ ತೆಗೆದ, ಆ ಗಲಾಟೆಯ ನಡುವೆ ಶೇಫರ್ ಮತ್ತೆ ಎರಡನೇ ಬೇಸ್ ಕಡೆ ಹೊರಟ. ಕೊನೆಗೆ ಮಿಲನ್ ಔಟಾದ, ಅದು ಬೇರೆ ವಿಷಯ. ಹೀಗೆ ಹಿಂದಕ್ಕೆ ಓಡಬಾರದು ಅಂತ ಆಮೇಲೆ ನಿಯಮವೇ ಬಂತು. ಇದಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗಿ, ಬೇಡ ಅಂದವರು ಯಾರು.

ಮೋ ಬರ್ಗ್ ಕೂಡ ಇದೇ ಪೈಕಿ. ಪ್ರಿನ್ಸ್‌ಟನ್‌ನಲ್ಲಿ ಸಂಸ್ಕೃತ ಸಮೇತ ಒಂದು ರಾಶಿ ಭಾಷೆ ಓದಿದ ಕ್ಯಾಚರ್, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರ. ತಾನು ಓದುವ ಮುಂಚೆ ತನ್ನ ಪೇಪರನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅವನ ತಿಕ್ಕಲು ಅವನಿಷ್ಟ.

ಆದರೆ ಚಾರ್ಲಿ ಫೌಸ್ಟ್? ಕಾನ್ಸಸ್‌ನ ರೈತರ ಮನೆಯವನು. ನೀನು ಬೌಲ್ ಮಾಡಿದರೆ ನ್ಯೂಯಾರ್ಕ್ ಜೈಂಟ್ಸ್ ಲೀಗ್ ಗೆಲ್ಲುತ್ತದೆ ಅಂತ ಯಾರೋ ಭವಿಷ್ಯ ಹೇಳುವವರು ಹೇಳಿದ್ದನ್ನು ನಂಬಿ, 1911ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೂಟು ಹಾಕಿಕೊಂಡು ಮ್ಯಾನೇಜರ್ ಜಾನ್ ಮೆಕ್‌ಗ್ರಾ ಮುಂದೆ ನಿಂತ. ಮೆಕ್‌ಗ್ರಾ ಅವನನ್ನು ಓಡಿಸಲಿಲ್ಲ, ಆಡಿಸಿದ. ಆಟಗಾರರು ಬೇಕಂತಲೇ ಬಾಲ್ ಎಲ್ಲೆಲ್ಲೋ ಎಸೆದರು. ಇವನು ತನ್ನ ಒಳ್ಳೇ ಸೂಟಿನಲ್ಲೇ ಒಂದೊಂದು ಬೇಸ್‌ಗೂ ಜಾರಿಕೊಂಡು ಮಣ್ಣು ಮಾಡಿಕೊಂಡ. ಎಲ್ಲರಿಗೂ ಪುಕ್ಕಟೆ ಮನರಂಜನೆ. ತಂಡ ಗೆಲ್ಲುತ್ತಾ ಹೋಯಿತು, ಅದೃಷ್ಟದ ಗೊಂಬೆ ಅಂತ ಜೊತೆಗೆ ಇಟ್ಟುಕೊಂಡರು. ಲೀಗ್ ಗೆದ್ದಾದ ಮೇಲೆ, ಇನ್ನು ಸೋತರೂ ನಷ್ಟವಿಲ್ಲ ಅಂತಾದಾಗ, ಎರಡು ಮ್ಯಾಚ್‌ನಲ್ಲಿ ಒಂದೊಂದು ಇನಿಂಗ್ಸ್ ಬೌಲ್ ಮಾಡಲು ಬಿಟ್ಟರು. ಅವನಿಗೆ ಮಾತ್ರ ಅದು ತಮಾಷೆಯಾಗಿರಲೇ ಇಲ್ಲ. ಆಮೇಲೆ ಬೇಡವಾದ. 1915ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ಕ್ಷಯ ಬಂದು ಸತ್ತ. ಈ ಕಥೆಯನ್ನು ಸೂಟು ಮಣ್ಣಾದಲ್ಲಿಗೆ ನಿಲ್ಲಿಸಿ ನಗಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಎಡ್ಡಿ ಗೇಡೆಲ್ ವಿಷಯದಲ್ಲಿ ನನಗೇ ಗೊಂದಲ. ಎತ್ತರ 3 ಅಡಿ 7 ಇಂಚು. 1951ರ ಆಗಸ್ಟ್ 19ರಂದು ಸೇಂಟ್ ಲೂಯಿಸ್ ಬ್ರೌನ್ಸ್ ಮಾಲೀಕ ಬಿಲ್ ವೀಕ್, ಬೆನ್ನ ಮೇಲೆ 1/8 ಅಂತ ನಂಬರ್ ಹಾಕಿಸಿ ಇವನನ್ನು ಬ್ಯಾಟಿಂಗ್‌ಗೆ ಕಳಿಸಿದ. ಅಂಪೈರ್ ಕೇಳಿದರೆ ತೋರಿಸಲು ಕಾಂಟ್ರ್ಯಾಕ್ಟ್ ಕೂಡ ರೆಡಿ. ಎದುರಾಳಿ ಬೌಲರ್ ಬಾಬ್ ಕೇನ್ ಎಸೆದ ನಾಲ್ಕು ಬಾಲೂ ತಲೆ ಮೇಲೆ ಹೋದವು. ನಾಲ್ಕು ಬಾಲ್ ಹೀಗೆ ಗುರಿ ತಪ್ಪಿದರೆ ಬ್ಯಾಟ್ಸ್‌ಮನ್‌ಗೆ ಮೊದಲ ಬೇಸ್ ಪುಕ್ಕಟೆ, ಗೇಡೆಲ್‌ಗೂ ಅದೇ ಸಿಕ್ಕಿತು. ದಾರಿಯಲ್ಲಿ ನಿಂತು ಜನರಿಗೆ ನಮಸ್ಕಾರ ಬೇರೆ ಹೊಡೆದ. ಇವನಿಗೆ ತಮಾಷೆ ಏನು ಅಂತ ಚೆನ್ನಾಗಿ ಗೊತ್ತಿತ್ತು, ಒಪ್ಪಿಕೊಂಡೇ ಬಂದಿದ್ದ. ಅದಕ್ಕೇ ನಗಬಹುದು ಅನ್ನಿಸುತ್ತದೆ. ಆದರೆ 1961ರಲ್ಲಿ ಅವನು ತೀರಿಕೊಂಡಾಗ ಬೇಸ್‌ಬಾಲ್ ಮಂದಿ ಪೈಕಿ ಅಂತ್ಯಕ್ರಿಯೆಗೆ ಹೋದವನು ಕೇನ್ ಒಬ್ಬನೇ. ವೀಕ್ ಅಲ್ಲ, ನೋಡಿ.

ಇನ್ನು ಪೀಟ್ ಗ್ರೇ. ಇವನನ್ನು ಗೇಡೆಲ್ ಜೊತೆ ಸೇರಿಸುವುದಂತೂ ಶುದ್ಧ ಅನ್ಯಾಯ. ಚಿಕ್ಕಂದಿನಲ್ಲೇ ಬಲಗೈ ಕಳೆದುಕೊಂಡವನು. ಕ್ಯಾಚ್ ಹಿಡಿದ ತಕ್ಷಣ ಗ್ಲೌಸನ್ನು ಮೊಂಡು ತೋಳಿನ ಕಂಕುಳಿಗೆ ಸಿಕ್ಕಿಸಿ, ಬಾಲನ್ನು ಎದೆ ಮೇಲೆ ಉರುಳಿಸಿ, ಅದೇ ಎಡಗೈಯಲ್ಲಿ ಹಿಡಿದು ಎಸೆಯುತ್ತಿದ್ದ. 1944ರಲ್ಲಿ ಕೆಳಹಂತದ ಲೀಗೊಂದರಲ್ಲಿ ಮೆಂಫಿಸ್ ತಂಡದ ಪರ ಆಡಿ .333 ಸರಾಸರಿಯಲ್ಲಿ (ಅಂದರೆ ಹೆಚ್ಚುಕಮ್ಮಿ ಮೂರು ಸಲಕ್ಕೊಂದು ಹಿಟ್) ಹೊಡೆದು, ಆ ಲೀಗ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ ಮೇಲೆಯೇ 1945ರಲ್ಲಿ ಬ್ರೌನ್ಸ್ ತಂಡ ಸೇರಿದ್ದು. 77 ಮ್ಯಾಚ್, ಸರಾಸರಿ .218. ಸಾಧಾರಣ ಅನ್ನಿ, ಒಪ್ಪುತ್ತೇನೆ. ಜೋಕುಗಳ ಪಟ್ಟಿಯಿಂದ ಮೊದಲು ಅವನ ಹೆಸರು ತೆಗೀರಿ.