ಸ್ಟುಡಿಯೊ ಬಾಗಿಲು ಬೀದಿಗೆ ತೆರೆದಿರಬೇಕೇ?

ಪರ: ಜಗಲಿ ಮೊದಲು, ಕೋಣೆ ಆಮೇಲೆ

ಎಂಟ್ಹತ್ತು ಕಲಾವಿದರು ಸೇರಿ ಬಾಡಿಗೆಗೆ ಹಿಡಿದ ಕಟ್ಟಡ ಸದಾ ಬಾಗಿಲು ಹಾಕಿಕೊಂಡಿದ್ದರೆ ಬೀದಿಯವರ ಪಾಲಿಗೆ ಅದೊಂದು ಗೋದಾಮು. ಸುತ್ತಿಗೆ ಸದ್ದು, ಟರ್ಪೆಂಟೈನ್ ವಾಸನೆ ಆಚೆ ಬರುತ್ತವೆ, ಕೆಲಸ ಮಾತ್ರ ಕಾಣುವುದಿಲ್ಲ. ಮೊದಲ ದೂರು ಹುಟ್ಟುವುದೇ ಅಲ್ಲಿಂದ.

ನಮ್ಮ ಹಳೆಯ ಮನೆಗಳು ಈ ತೊಡಕನ್ನು ಎಂದೋ ಬಿಡಿಸಿಟ್ಟಿವೆ. ದಾರಿಹೋಕರು ಜಗಲಿಯಲ್ಲಿ ಕೂರಬಹುದು, ಪರಿಚಯದವರು ಪಡಸಾಲೆಗೆ ಬರಬಹುದು, ಒಳಮನೆ ಮನೆಯವರದು. ಸ್ಟುಡಿಯೊಗೂ ಇದೇ ಲೆಕ್ಕ ಸರಿ. ಬೀದಿಗೆ ತಾಗಿದಂತೆ ಐದಾರು ಅಡಿ ಅಗಲದ ಜಗಲಿ, ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ, ನೆರಳು, ಕುಡಿಯುವ ನೀರಿನ ನಲ್ಲಿ. ಅದರ ಹಿಂದೆ ಎಲ್ಲರೂ ಬಳಸುವ ಪಡಸಾಲೆ. ಬೀಗ ಹಾಕುವ ಕೋಣೆಗಳು ಅದಕ್ಕೂ ಹಿಂದೆ.

ನೆಲವನ್ನು ರಸ್ತೆಯಿಂದ ಅರ್ಧ ಅಡಿಗಿಂತ ಎತ್ತರಿಸಬೇಡಿ. ಹನ್ನೆರಡಕ್ಕೆ ಒಂದರ ಇಳಿಜಾರಾದರೆ ಗಾಲಿಕುರ್ಚಿಗೂ ಮಣ್ಣಿನ ಮೂಟೆಯ ತಳ್ಳುಗಾಡಿಗೂ ಆರಡಿ ರ್‍ಯಾಂಪ್ ಸಾಕು. ಒಂದೂವರೆ ಅಡಿ ಎತ್ತರಿಸಿದಿರೋ, ರ್‍ಯಾಂಪ್ ಹದಿನೆಂಟು ಅಡಿಯಾಗುತ್ತದೆ. 30×40ರ ಸೈಟಿನಲ್ಲಿ ಮುಂಭಾಗದ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಪಡಸಾಲೆಯ ಕಿಟಕಿಯ ಕೆಳ ಅಂಚು ನೆಲದಿಂದ ಎರಡಡಿಗಿರಲಿ. ಗಾರೆಯವರನ್ನು ಅವರ ಪಾಡಿಗೆ ಬಿಟ್ಟರೆ ಮೂರಡಿಗೆ ಇಡುತ್ತಾರೆ, ಆಗ ಇಣುಕುವ ಮಕ್ಕಳಿಗೆ ಕಾಣುವುದು ಸೂರು ಮಾತ್ರ.

ಕಿಟಕಿಯ ಬಳಿ ಏನಿಡಬೇಕು ಎನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಅರ್ಧ ಬರೆದ ಚಿತ್ರವನ್ನಂತೂ ಇಡಬಾರದು. ನಾಲ್ಕು ಜನ ನೋಡುತ್ತಿದ್ದರೆ ಬರೆಯುವವರ ಕೈ ಕಟ್ಟಿಹೋಗುತ್ತದೆ. ತಿರುಗುವ, ಎಳೆಯುವ, ಒತ್ತುವ ಕೆಲಸ ಅಲ್ಲಿರಲಿ: ತಿಗರಿ, ಸ್ಕ್ರೀನ್ ಪ್ರಿಂಟ್, ಮಗ್ಗ. ನಡುವೆ ಒಂದು ಇಡೀ ಪ್ಲೈವುಡ್ ಹಾಳೆಯಷ್ಟು, ಅಂದರೆ ನಾಲ್ಕಕ್ಕೆ ಎಂಟಡಿಯ, ಬ್ರೇಕ್ ಇರುವ ಗಾಲಿಗಳ ಮೇಜು. ನೀರಿನ ಇಂಕು ಬಳಸಿದರೆ ಗಣಪತಿ ಹಬ್ಬದ ಬ್ಯಾನರನ್ನು ಬೀದಿಯವರೇ ಬಂದು ಒತ್ತಿಕೊಂಡು ಹೋಗಬಹುದು. ಅದೇ ಬೀದಿಯ ವೆಲ್ಡರ್, ದರ್ಜಿ, ಬೋರ್ಡ್ ಬರೆಯುವವರು ಆಮೇಲೆ ಕಲಾವಿದರ ಕೆಲಸಕ್ಕೆ ಕೈ ಜೋಡಿಸುತ್ತಾರೆ. ಚೌಕಟ್ಟು ಬೆಸೆಯಲು ಊರಾಚೆ ಅಲೆಯುವುದು ತಪ್ಪುತ್ತದೆ.

ಇದೇನೂ ಕಾಗದದ ಮೇಲಿನ ಕನಸಲ್ಲ. 1997ರಲ್ಲಿ ಶುರುವಾದ ದೆಹಲಿಯ ಕಲಾವಿದರ ಸಂಸ್ಥೆ ಖೋಜ್, ಖಿಡ್ಕಿ ಬಡಾವಣೆಯಲ್ಲಿ ನೆಲೆಯೂರಿದ ಮೇಲೆ ಅಕ್ಕಪಕ್ಕದ ಅಂಗಡಿ, ಗಲ್ಲಿಗಳನ್ನೂ ಕಲೆಯ ಕೆಲಸದೊಳಕ್ಕೆ ಎಳೆದುಕೊಂಡಿತು. ಬೆಂಗಳೂರಿನ ಶಾಂತಿನಗರದಲ್ಲಿ 2003ರಲ್ಲಿ ಕಲಾವಿದ ಸುರೇಶ್ ಜಯರಾಂ ತಮ್ಮ ಮನೆಯನ್ನೇ 1 ಶಾಂತಿರೋಡ್ ಎಂಬ ಕಲಾತಾಣ ಮಾಡಿದರು. ಬಾದಾಮಿ ಮರದ ಸುತ್ತ ಎದ್ದ ಆ ಕಟ್ಟಡದಲ್ಲಿ ವಾಸ, ಕೆಲಸ, ಪ್ರದರ್ಶನ, ಹರಟೆ ಎಲ್ಲ ಒಂದೇ ಸೂರಿನಡಿ ನಡೆದವು. ಬೀದಿಗೆ ಬೆನ್ನು ಮಾಡಿ ಕೂತಿದ್ದರೆ ಇವೆರಡರ ಹೆಸರೂ ಇಂದು ಯಾರ ಬಾಯಲ್ಲೂ ಇರುತ್ತಿರಲಿಲ್ಲ.

ವಿರೋಧ: ಬುಧವಾರ ಮಧ್ಯಾಹ್ನ ಬಾಗಿಲು ಕಾಯುವವರು ಯಾರು?

ಜಗಲಿ ಚೆಂದ, ಒಪ್ಪಿದೆ. ಆದರೆ ಹಳೆಯ ಮನೆಯ ಜಗಲಿಯಲ್ಲಿ ಯಾವಾಗಲೂ ಒಬ್ಬ ಅಜ್ಜ ಕೂತಿರುತ್ತಿದ್ದರು. ಹಂಚಿಕೊಂಡ ಸ್ಟುಡಿಯೊದಲ್ಲಿ ಅಜ್ಜನಿಲ್ಲ. ಪಾಳಿ ಚೀಟಿ ಅಂಟಿಸುತ್ತಾರೆ, ಎರಡು ತಿಂಗಳಿಗೆ ಅದು ಮಾಸುತ್ತದೆ, ಬೆಲ್ ಹೊಡೆದಾಗಲೆಲ್ಲ ಬಾಗಿಲಿಗೆ ಹತ್ತಿರ ಕೂತವರೇ ಏಳಬೇಕಾಗುತ್ತದೆ. ಆ ಜಾಗ ಸಾಮಾನ್ಯವಾಗಿ ಎಲ್ಲರಿಗಿಂತ ಕಡಿಮೆ ಬಾಡಿಗೆ ಕೊಡುವ ಕಿರಿಯರದು.

ಅರ್ಧ ಅಡಿಯ ನೆಲದ ಮಾತು ಕೇಳಿ ನಗು ಬಂತು. ಡಾಂಬರಿನ ಮೇಲೆ ಡಾಂಬರು ಸುರಿದು ರಸ್ತೆಯೇ ಏರುತ್ತಾ ಹೋಗುವ ಊರು ನಮ್ಮದು. ಕೆಲವೇ ವರ್ಷಗಳಲ್ಲಿ ಆ ನೆಲ ರಸ್ತೆಗಿಂತ ಕೆಳಗಿರುತ್ತದೆ. ಮಳೆನೀರು ನುಗ್ಗಿದಾಗ ಮೊದಲು ನೆನೆಯುವುದು ಕೆಳಗಿನ ಅರೆಯಲ್ಲಿಟ್ಟ ಕಾಗದ.

ಸ್ಟುಡಿಯೊ ವಿನ್ಯಾಸ ಶುರುವಾಗಬೇಕಾದ್ದು ಬೆಳಕು, ಗಾಳಿ, ಚರಂಡಿಯಿಂದ. ಉತ್ತರದ ಕಿಟಕಿಯಿಂದ ಬಿಸಿಲು ಬೀಳದ ಸಮ ಬೆಳಕು ಸಿಗುತ್ತದೆ ಎನ್ನುವುದು ಯುರೋಪಿನ ಪಾಠ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯನೇ ಉತ್ತರಕ್ಕಿರುತ್ತಾನೆ. ಅಲ್ಲಿಗೂ ಎರಡಡಿ ಸಜ್ಜಾ ಬೇಕು. ಬೀದಿ ಪಶ್ಚಿಮಕ್ಕಿದ್ದರಂತೂ, ಸಂಜೆ ಜನ ಬರುವ ಹೊತ್ತಿಗೆ ಆ ತಗ್ಗಿನ ಕಿಟಕಿಯಿಂದ ಓರೆಬಿಸಿಲು ನೇರ ಮೇಜಿನ ಮೇಲೆ.

ಅಪಾಯದ ಲೆಕ್ಕವನ್ನೂ ಹಾಕಬೇಕು. ಅಚ್ಚೊತ್ತುವ ಚಿತ್ರ ಕೊರೆಯಲು ಸತುವಿನ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ಕಂದು ಹೊಗೆ ಏಳುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರು ಹಾಕಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಡಬೇಕು. ಒಣಗಿದ ಜೇಡಿಯ ದೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುವುದರಿಂದ ಪೊರಕೆ ಹಿಡಿಯಬಾರದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಹತ್ತಿಪ್ಪತ್ತು ನಿಮಿಷಕ್ಕೇ ಗಟ್ಟಿಯಾಗುವುದು, ಅದು ಪೈಪಿನೊಳಗಾದರೂ ಸರಿಯೇ. ಸಿಂಕಿನ ಕೆಳಗೆ ಒಂದರಿಂದ ಒಂದಕ್ಕೆ ಉಕ್ಕುವ ಮೂರು ಬಕೆಟ್ ಇಟ್ಟು ಗಸಿ ಇಳಿಸಬೇಕು. ಇದೆಲ್ಲ ಒಳಗಿನವರಿಗೆ ರೂಢಿಯಾಗುವ ಶಿಸ್ತು. ಹೊಸದಾಗಿ ಬಂದ ಇಪ್ಪತ್ತು ಜನ ಒಂದೇ ಮಧ್ಯಾಹ್ನದಲ್ಲಿ ಅದನ್ನು ಅಳಿಸಿಹಾಕುತ್ತಾರೆ.

ಹಣದ ಮಾತು ಬೇಗ ಮುಗಿಸುತ್ತೇನೆ. ಹನ್ನೊಂದು ತಿಂಗಳ ಕರಾರಿನ ಮನೆಗೆ ಜಗಲಿ ಕಟ್ಟಿದರೆ ಅದು ಮಾಲೀಕರಿಗೆ ಕೊಟ್ಟ ಉಡುಗೊರೆ. ಅದೇ ದುಡ್ಡು ಎಕ್ಸಾಸ್ಟ್ ಫ್ಯಾನಿಗೆ ಹೋಗಲಿ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಜನರೇ ಬೇಡ ಎನ್ನುತ್ತಿಲ್ಲ. ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ 1966ರಲ್ಲಿ ಹುಟ್ಟಿದ ಕಲಾವಿದರ ಗ್ರಾಮ ಚೋಳಮಂಡಲ, ಮದ್ರಾಸಿನ ಗದ್ದಲದಿಂದ ದೂರ ಇಂಜಂಬಾಕ್ಕಂ ಕಡಲ ತೀರದಲ್ಲಿ ನೆಲೆ ಕಂಡಿತು. ಬಾಟಿಕ್‌ನಂಥ ಕರಕುಶಲ ವಸ್ತು ಮಾರಿ ಹೊಟ್ಟೆ ಹೊರೆದುಕೊಂಡ ಕಲಾವಿದರು ಅವರು. ಸರಕು ಜನರ ಬಳಿ ಹೋಯಿತು, ಜನ ಕ್ಯಾನ್ವಾಸಿನ ಮುಂದೆ ಬಂದು ನಿಲ್ಲಬೇಕಾಗಿರಲಿಲ್ಲ. ತಿಂಗಳಿಗೊಂದು ಶನಿವಾರ, ನಾಲ್ಕರಿಂದ ಏಳು, ಆಮ್ಲದ ಕೋಣೆಗೆ ಬೀಗ: ಅಷ್ಟು ಸಾಕು. ಆ ಶನಿವಾರಕ್ಕೆ ಕಿಲ್ನ್, ಅಂದರೆ ಮಡಕೆ ಸುಡುವ ಗೂಡು, ತೆರೆಯುವ ಕಾರ್ಯಕ್ರಮವನ್ನಂತೂ ಇಟ್ಟುಕೊಳ್ಳಬೇಡಿ. 1200 ಡಿಗ್ರಿ ಕಂಡ ಕಿಲ್ನ್ 100ಕ್ಕಿಳಿಯಲು ಒಂದು ಹಗಲು, ಒಂದು ರಾತ್ರಿ ಹಿಡಿದರೂ ಹಿಡಿದೀತು. ಎದುರಿಗೆ ಗುಂಪು ಕಾಯುತ್ತಿದ್ದರೆ 200ಕ್ಕೇ ಬಾಗಿಲೆಳೆಯುವ ಆಸೆ ಹುಟ್ಟುತ್ತದೆ. ತಣ್ಣನೆ ಗಾಳಿ ತಾಗಿದೊಡನೆ ಮಡಕೆಯ ಮೇಲಿನ ಗಾಜಿನಂಥ ಲೇಪ, ಗ್ಲೇಜ್, ಟಿಣ್ ಟಿಣ್ ಎಂದು ಬಿರಿಯುವ ಸದ್ದು ಜಗಲಿಯವರೆಗೂ ಕೇಳಿಸುತ್ತದೆ.