ಆರ್ಥಿಕ ಇಲಾಖೆಯ ಒಪ್ಪಿಗೆ ಬೇಡದ ಅನುದಾನ

ಕರ್ನಾಟಕದ ಯಾವುದೇ ಸರ್ಕಾರಿ ಪದವಿ ಕಾಲೇಜಿಗೆ ಒಬ್ಬ ಗಣಿತದ ಅಧ್ಯಾಪಕ ಬೇಕೆಂದರೆ, ಕಡತವೊಂದು ಹುಟ್ಟಿ, ಇಲಾಖೆಯಿಂದ ಇಲಾಖೆಗೆ ಅಲೆದು, ಆರ್ಥಿಕ ಇಲಾಖೆಯ ಮೇಜಿನ ಮೇಲೆ ಕೆಲವು ಋತುಗಳನ್ನು ಕಳೆದು, ನಾಲ್ಕು ಪ್ರಶ್ನೆಗಳೊಂದಿಗೆ ಹಿಂದಿರುಗಿ, ಉತ್ತರ ಹೊತ್ತು ಮತ್ತೆ ಹೋಗಿ, ಕೊನೆಗೆ ‘ಸದ್ಯಕ್ಕೆ ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಷರಾ ಬರೆಸಿಕೊಂಡು ಮರಳುತ್ತದೆ. ಅದೇ ಮಕ್ಕಳಿಗೆ ಗಣಿತದಲ್ಲಿ ಹತ್ತಿಪ್ಪತ್ತು ಅಂಕ ಹೆಚ್ಚಿಗೆ ಬೇಕೆಂದರೆ ಒಂದು ಸುತ್ತೋಲೆ ಸಾಕು. ಅಂಕಕ್ಕೆ ವೇತನ ಶ್ರೇಣಿಯಿಲ್ಲ, ಪಿಂಚಣಿಯಿಲ್ಲ, ರೋಸ್ಟರ್ ಇಲ್ಲ, ವರ್ಗಾವಣೆಯ ಕಾಟವಿಲ್ಲ. ಖಜಾನೆಗೆ ಬಿಡಿಗಾಸಿನ ಹೊರೆಯಾಗದಂತೆ ಒಂದೇ ದಿನ ಲಕ್ಷಾಂತರ ಮನೆಗಳಿಗೆ ತಲುಪುವ ಇಂಥ ಇನ್ನೊಂದು ಅನುದಾನ ಈ ರಾಜ್ಯದಲ್ಲಿಲ್ಲ. ಇದಕ್ಕೆ ಇನ್ನೂ ‘ಭಾಗ್ಯ’ ಎಂಬ ಹೆಸರನ್ನು ಯಾರೂ ಅಂಟಿಸಿಲ್ಲ ಎಂಬುದೇ ಸೋಜಿಗ.

ಈ ಅನುದಾನದ ಅತ್ಯಂತ ಉದಾರ ಬಿಡುಗಡೆ ನಡೆದದ್ದು 2024ರ ಮೇ 9ರಂದು. ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲ ಬಾರಿಗೆ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಲಾಗಿತ್ತು. ಮಕ್ಕಳು ನಕಲು ಮಾಡುತ್ತಾರೋ ಇಲ್ಲವೋ ನೋಡೋಣವೆಂದು ಹಾಕಿದ ಕ್ಯಾಮೆರಾ, ಹತ್ತು ವರ್ಷ ಶಾಲೆಯೊಳಗೆ ಏನು ನಡೆದಿತ್ತು ಎಂಬುದನ್ನೇ ತೋರಿಸಿಬಿಟ್ಟಿತು. ನೋಡಬಾರದ್ದನ್ನು ನೋಡಿದ ಇಲಾಖೆ ಕೂಡಲೇ ಎಚ್ಚೆತ್ತು, ಕೃಪಾಂಕದ ಮಿತಿಯನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಅದನ್ನು ಪಡೆಯುವ ಅರ್ಹತೆಯನ್ನು ಶೇ 35ರಿಂದ ಶೇ 25ಕ್ಕೆ ಇಳಿಸಿತು. ಏರಿಸುವುದನ್ನೂ ಇಳಿಸುವುದನ್ನೂ ಏಕಕಾಲಕ್ಕೆ ಮಾಡಿದರೂ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಬಂದು ನಿಂತಿತು. ಸುಮಾರು 1.7 ಲಕ್ಷ ಮಕ್ಕಳು ಕೃಪಾಂಕದಿಂದಲೇ ತೇರ್ಗಡೆಯಾದರು. ಅದು ಇಲ್ಲದಿದ್ದರೆ ಪರೀಕ್ಷೆ ಬರೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹಿಂದೆ ಉಳಿಯುತ್ತಿದ್ದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೃಪಾಂಕ ನೀಡಿದ್ದನ್ನು ಆಕ್ಷೇಪಿಸಿದರು. ಮರುವರ್ಷ ಅದು ನಿಂತಿತು. 2025ರ ಮೊದಲ ಪರೀಕ್ಷೆಯ ಫಲಿತಾಂಶ ಶೇ 62.34 ಎಂದು ಪ್ರಕಟವಾಯಿತು.

ಇಂಥ ಸಂಖ್ಯೆಯನ್ನು ಬಹಳ ಹೊತ್ತು ನೋಡುತ್ತ ಕೂರುವುದು ಯಾವ ಇಲಾಖೆಯ ಆರೋಗ್ಯಕ್ಕೂ ಒಳ್ಳೆಯದಲ್ಲ. ಆದ್ದರಿಂದ 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಉತ್ತೀರ್ಣತೆಗೆ ಇನ್ನು ಮುಂದೆ ಶೇ 33 ಸಾಕೆಂದು ಘೋಷಿಸಿದರು. ಪಿಯುಸಿಯಲ್ಲಿ 600ಕ್ಕೆ 198 ಬಂದು, ಪ್ರತಿ ವಿಷಯದಲ್ಲಿ 30 ಮುಟ್ಟಿದರೆ ಪಾಸು. ಸಿಬಿಎಸ್‌ಇಯಲ್ಲಿಯೂ 33 ಅಂಕವೇ ಇದೆಯಲ್ಲ ಎಂಬ ಸಮರ್ಥನೆಯೂ ಜೊತೆಗೇ ಬಂತು. ಸಿಬಿಎಸ್‌ಇ ಶಾಲೆಗಳಲ್ಲಿ ಇರುವ ಮಿಕ್ಕ ಸಂಗತಿಗಳು, ಅಂದರೆ ವಿಷಯಕ್ಕೊಬ್ಬ ಶಿಕ್ಷಕ, ಬೀಗ ತೆರೆದಿರುವ ಪ್ರಯೋಗಾಲಯ, ಇತ್ಯಾದಿಗಳನ್ನು ಆಮದು ಮಾಡಿಕೊಳ್ಳಲು ಖರ್ಚು ಬರುತ್ತದೆ. 33 ಎಂಬ ಸಂಖ್ಯೆಯನ್ನು ಸುಂಕವಿಲ್ಲದೆ ತರಿಸಿಕೊಳ್ಳಬಹುದು.

ಇಷ್ಟರಲ್ಲಿ ಓದುಗರು ಪಂಚಾಂಗ ತೆಗೆದು ಒಂದು ಲೆಕ್ಕ ಹಾಕಿರಬಹುದು. 2024ರಲ್ಲಿ ಇಪ್ಪತ್ತು ಪ್ರತಿಶತ ಕೃಪೆಯಿಂದ ಎಸ್‌ಎಸ್‌ಎಲ್‌ಸಿ ದಾಟಿ ಪಿಯುಸಿ ಸೇರಿದ ಮಗು, ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುವುದು 2026ರಲ್ಲಿ. 33ರ ಹೊಸ ನಿಯಮ ಅನ್ವಯವಾಗುವುದೂ ಅದೇ ಪರೀಕ್ಷೆಗೆ. ಹೀಗೆ ಎರಡು ಹೊಸ್ತಿಲುಗಳನ್ನು, ಎರಡನ್ನೂ ತನಗಾಗಿಯೇ ತಗ್ಗಿಸಿದ ಮೇಲೆ ದಾಟಿಕೊಂಡು ಬರುವ ಆ ಹುಡುಗನೋ ಹುಡುಗಿಯೋ ನೇರವಾಗಿ ಬಂದು ನಿಲ್ಲುವುದು ವಿಶ್ವವಿದ್ಯಾಲಯದ ಬಾಗಿಲಿನಲ್ಲಿ. ಇವರಿಗೆ ಹೊಸ್ತಿಲು ತಗ್ಗಿಸಿದವರಲ್ಲಿ ಯಾರೂ, ನಡುವಿನ ಎರಡು ವರ್ಷಗಳಲ್ಲಿ ಆ ಬಿಟ್ಟುಹೋದ ಇಪ್ಪತ್ತು ಪ್ರತಿಶತ ಪಾಠವನ್ನು ಕಲಿಸಲು ಒಬ್ಬ ಶಿಕ್ಷಕನನ್ನು ಹೆಚ್ಚುವರಿಯಾಗಿ ಕಳುಹಿಸಲಿಲ್ಲ. ಅಂಕ ಕೊಟ್ಟ ಮೇಲೆ ಪಾಠ ಏಕೆ ಬೇಕು ಎಂಬ ತರ್ಕ ಇದ್ದಿರಬೇಕು. ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ತಾನು ಕೊಟ್ಟ ಅಂಕವನ್ನು ಸರ್ಕಾರ ನಂಬುತ್ತದೆಯೇ ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಸ್ಪಷ್ಟ ಉತ್ತರವಿದೆ. ಕೋವಿಡ್ ಕಾಲದಲ್ಲಿ ಪರೀಕ್ಷೆ ನಡೆಸಲಾಗದೆ, 2021ರ ಜುಲೈನಲ್ಲಿ ಎಸ್‌ಎಸ್‌ಎಲ್‌ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45 ಮತ್ತು ಆಂತರಿಕ ಮೌಲ್ಯಮಾಪನದ ಶೇ 10 ಕಲಸಿ ದ್ವಿತೀಯ ಪಿಯುಸಿಯ ಫಲಿತಾಂಶ ಕೊಡಲಾಯಿತು. ಫಲಿತಾಂಶ ಶೇ 100. ಪರೀಕ್ಷೆಯನ್ನೇ ಬರೆಯದ 2,239 ಮಂದಿಗೆ 600ಕ್ಕೆ 600 ಬಂತು. ರೋಗದ ಕಾಲ, ಬೇರೆ ದಾರಿ ಇರಲಿಲ್ಲ, ಅದನ್ನು ಆಡಿಕೊಳ್ಳುವುದು ಸಲ್ಲದು. ವಿನೋದವಿರುವುದು ಮುಂದಿನ ಅಂಕದಲ್ಲಿ. ಅದೇ ತಂಡದ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೊಮ್ಮೆ ಸಿಇಟಿ ಬರೆದು ರ‍್ಯಾಂಕ್‌ಗಾಗಿ ಕಾದು ಕುಳಿತಾಗ, ಸರ್ಕಾರ ‘ನಿಮ್ಮ ಪಿಯು ಅಂಕಗಳು ಪರೀಕ್ಷೆ ನಡೆಸದೆ ಕೊಟ್ಟವು, ರ‍್ಯಾಂಕ್‌ಗೆ ಅವನ್ನು ಪರಿಗಣಿಸಲು ಬಾರದು’ ಎಂದಿತು. ಕೊಟ್ಟವರೂ ತಾವೇ, ನಂಬದವರೂ ತಾವೇ. ಮಕ್ಕಳು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠವು ಅಂಕಗಳನ್ನು ಪರಿಗಣಿಸಬೇಕೆಂದಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ, ಆ ಅಂಕಗಳಲ್ಲಿ ಒಂದಷ್ಟನ್ನು ಕಳೆದು ಉಳಿದದ್ದನ್ನು ನಂಬುವುದೆಂಬ ಸೂತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅಂಕಪಟ್ಟಿಯ ಮೇಲೆ ಸರ್ಕಾರದ ಮುದ್ರೆಯಿದ್ದರೂ ಅದರ ನಂಬಿಕೆಯ ಪ್ರಮಾಣ ಎಷ್ಟೆಂಬುದನ್ನು ನ್ಯಾಯಾಲಯದಲ್ಲಿ ಚೌಕಾಸಿ ಮಾಡಿ ನಿರ್ಧರಿಸಿದ ರಾಜ್ಯ ನಮ್ಮದು.

ಇನ್ನು ಕಾಲೇಜಿನ ಕಚೇರಿಯ ಕಿಟಕಿಗೆ ಬರೋಣ. ಪ್ರಥಮ ವರ್ಷದ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಬಂದವರ ಪ್ರವೇಶ ಅಲ್ಲಿ ಮೊದಲಿಗೆ ತಾತ್ಕಾಲಿಕವಾಗಿರುತ್ತದೆ. ವಿಶ್ವವಿದ್ಯಾಲಯವು ದಾಖಲೆಗಳನ್ನು ಪರಿಶೀಲಿಸಿ ಅನುಮೋದಿಸಿದ ಮೇಲಷ್ಟೇ ಅದು ಖಾಯಂ ಆಗುತ್ತದೆ. ಪರಿಶೀಲನೆ ಅಂದರೆ ಟಿ.ಸಿ. ಇದೆಯೇ, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಿದೆಯೇ, ಆಧಾರ್‌ನಲ್ಲಿರುವ ಹೆಸರಿನ ಇನಿಷಿಯಲ್ ಅಂಕಪಟ್ಟಿಯ ಇನಿಷಿಯಲ್‌ಗೆ ಹೊಂದುತ್ತದೆಯೇ ಎಂಬುದರ ಪರಿಶೀಲನೆ. ವಿದ್ಯಾರ್ಥಿಗೆ ಭಿನ್ನರಾಶಿ ಕೂಡಿಸಲು ಬರುತ್ತದೆಯೇ, ಒಂದು ಪುಟ ಓದಿ ಅದರ ಸಾರ ಹೇಳಬಲ್ಲನೇ ಎಂದು ಆ ಕಿಟಕಿಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಏನಾದರೂ ಮಾಡಬೇಕಾಗುತ್ತದೆ.

ಕೇಳುವುದರ ಬದಲಿಗೆ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ನಾನು ತರಗತಿಗೆ ತಪ್ಪದೆ ಹಾಜರಾಗುತ್ತೇನೆ, ಶೇ 75ಕ್ಕಿಂತ ಕಡಿಮೆ ಹಾಜರಾತಿ ಇದ್ದಲ್ಲಿ ಪರೀಕ್ಷೆಗೆ ಕೂರಿಸದಿದ್ದರೆ ತಕರಾರು ಮಾಡುವುದಿಲ್ಲ, ಕಾಲೇಜಿನ ಎಲ್ಲ ನಿಯಮಗಳಿಗೆ ಬದ್ಧನಾಗಿರುತ್ತೇನೆ, ತಪ್ಪಿದಲ್ಲಿ ನನ್ನ ಪ್ರವೇಶವನ್ನು ರದ್ದುಪಡಿಸಬಹುದು ಎಂಬ ಒಕ್ಕಣೆಯ ಕೆಳಗೆ ಮಗು ಸಹಿ ಮಾಡುತ್ತದೆ, ಹೊಲದ ಕೆಲಸ ಬಿಟ್ಟು ಬಂದ ತಂದೆಯೋ ತಾಯಿಯೋ ಸಹಿ ಅಥವಾ ಹೆಬ್ಬೆಟ್ಟು ಒತ್ತುತ್ತಾರೆ. ಇಷ್ಟೆಲ್ಲ ಆದ ಮೇಲೆ ತರಗತಿ ಶುರುವಾಗುತ್ತದೆ. ಶುರುವಾಗುತ್ತದೆ ಎಂದರೆ ವೇಳಾಪಟ್ಟಿಯಲ್ಲಿ ಶುರುವಾಗುತ್ತದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೆಗಲ ಮೇಲೆ ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಅತಿಥಿಗಳಾದ್ದರಿಂದ ಅವರನ್ನು ಪ್ರತಿವರ್ಷ ಹೊಸದಾಗಿ ಆಹ್ವಾನಿಸಬೇಕು. ಆಹ್ವಾನ ಪತ್ರಿಕೆ ಬರುವ ಹೊತ್ತಿಗೆ ಸೆಮಿಸ್ಟರ್ ಅರ್ಧ ಮುಗಿದಿರುವುದೂ ಉಂಟು. 2023ರ ನವೆಂಬರ್‌ನಲ್ಲಿ ಅವರು ಸೇವೆ ಖಾಯಂಗೊಳಿಸಿ ಎಂದು ತರಗತಿ ಬಿಟ್ಟು ಧರಣಿ ಕೂತಾಗಲಂತೂ ಅನೇಕ ಕಾಲೇಜುಗಳಲ್ಲಿ ಹಾಜರಿದ್ದವರು ವಿದ್ಯಾರ್ಥಿಗಳು ಮಾತ್ರ. ಅಧ್ಯಾಪಕರಿಲ್ಲದ ಕೊಠಡಿಯಲ್ಲಿ ಶೇ 75 ಹಾಜರಾತಿ ಗಳಿಸುವುದು ಹೇಗೆ ಎಂಬುದಕ್ಕೆ ಮುಚ್ಚಳಿಕೆಯಲ್ಲಿ ಉತ್ತರವಿಲ್ಲ. ಹಾಜರಿ ಪುಸ್ತಕದ ಕಾಲಂ ಇರುವುದು ಒಂದೇ ಕಡೆಯವರಿಗೆ.

ಹಿಂದುಳಿದವರಿಗೆ ಬ್ರಿಡ್ಜ್ ಕೋರ್ಸ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಹತ್ತು ವರ್ಷದಲ್ಲಿ ಕಲಿಯದೆ ಉಳಿದದ್ದನ್ನು ಕೆಲವು ದಿನಗಳಲ್ಲಿ ದಾಟಿಸುವ ಈ ಸೇತುವೆಯ ಉದ್ಘಾಟನೆಗೆ ಬ್ಯಾನರ್ ಇರುತ್ತದೆ, ದೀಪ ಬೆಳಗುವುದು ಇರುತ್ತದೆ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗ ತೋರಿಸಲು ಫೋಟೊ ಇರುತ್ತದೆ. ಸೇತುವೆಯ ಆಚೆ ದಡಕ್ಕೆ ಎಷ್ಟು ಮಂದಿ ತಲುಪಿದರೆಂದು ಎಣಿಸುವ ಪದ್ಧತಿ ಮಾತ್ರ ಇನ್ನೂ ಜಾರಿಗೆ ಬಂದಿಲ್ಲ. ಹೇಗೂ ತಲುಪದವರಿಗೆ ಕ್ಯಾರಿ ಓವರ್ ಇದೆ: ಮೊದಲ ಸೆಮಿಸ್ಟರ್‌ನಲ್ಲಿ ಉಳಿಸಿಕೊಂಡ ವಿಷಯಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಎರಡನೆಯದಕ್ಕೆ ಹೋಗಬಹುದು. ಪರೀಕ್ಷಾ ಶುಲ್ಕವನ್ನು ಮಾತ್ರ ಆಯಾ ಸಲ, ಆಯಾ ವಿಷಯಕ್ಕೆ, ತಡವಾದರೆ ದಂಡ ಸಹಿತ ಕಟ್ಟಬೇಕು. ಅಂಕದ ವಿಷಯದಲ್ಲಿ ಇಷ್ಟು ಧಾರಾಳವಾಗಿರುವ ವ್ಯವಸ್ಥೆ ಶುಲ್ಕದ ವಿಷಯದಲ್ಲಿ ಒಂದು ರೂಪಾಯಿಯ ಕೃಪೆಯನ್ನೂ ತೋರಿದ ದಾಖಲೆ ನನಗೆ ಕಂಡಿಲ್ಲ.

ಇಂಥದ್ದು ನಮ್ಮಲ್ಲಿ ಮಾತ್ರ ನಡೆಯುತ್ತದೆ ಎಂದು ಕೀಳರಿಮೆ ಪಡಬೇಕಾಗಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಬಹಳ ಹೆಸರುವಾಸಿಯಾದದ್ದು. ಅಲ್ಲಿನ ಸಮಿತಿಯೊಂದು 2025ರ ನವೆಂಬರ್‌ನಲ್ಲಿ ಹೊರತಂದ ವರದಿಯ ಪ್ರಕಾರ, ಹೊಸದಾಗಿ ಸೇರುವ ಎಂಟು ಮಂದಿಯಲ್ಲಿ ಸರಿಸುಮಾರು ಒಬ್ಬರ ಗಣಿತ ಪ್ರೌಢಶಾಲೆಯ ಮಟ್ಟವನ್ನೂ ಮುಟ್ಟುವುದಿಲ್ಲ. ಏಳಕ್ಕೆ ಎರಡು ಕೂಡಿಸಿದರೆ ಆರಕ್ಕೆ ಎಷ್ಟು ಕೂಡಿಸಿದಷ್ಟಾಗುತ್ತದೆ ಎಂಬ ಲೆಕ್ಕವನ್ನು ಪರಿಹಾರ ತರಗತಿಯ ನಾಲ್ಕರಲ್ಲೊಬ್ಬರು ತಪ್ಪು ಮಾಡಿದರು; ಅಲ್ಲಿದ್ದ ಬಹಳ ಮಂದಿಯ ಶಾಲಾ ಅಂಕಪಟ್ಟಿಯಲ್ಲಿ ಗಣಿತಕ್ಕೆ ‘ಎ’ ಶ್ರೇಣಿಯೋ ಅದರ ಹತ್ತಿರದ್ದೋ ಇತ್ತು. ಆದರೆ ಅಮೆರಿಕನ್ನರು ಇಲ್ಲೊಂದು ಬಾಲಿಶ ತಪ್ಪು ಮಾಡಿದ್ದಾರೆ. ಸೇರಿಸಿಕೊಂಡ ಮೇಲೆ ಮಕ್ಕಳಿಗೆ ಪರೀಕ್ಷೆ ಕೊಟ್ಟು, ಉತ್ತರಗಳನ್ನು ಎಣಿಸಿ, ಎಣಿಸಿದ್ದನ್ನು ಅಚ್ಚು ಹಾಕಿಸಿ, ಇಡೀ ಲೋಕ ಓದುವಂತೆ ಪ್ರಕಟಿಸಿದರು. ನಮ್ಮ ವಿಶ್ವವಿದ್ಯಾಲಯಗಳಿಗೆ ಇಂಥ ಅಪಕೀರ್ತಿ ಬರುವ ಸಂಭವವೇ ಇಲ್ಲ.

ನಮ್ಮ ವಿಶ್ವವಿದ್ಯಾಲಯಗಳ ವಿಷಯ ಬಂದದ್ದರಿಂದ ಒಂದು ನ್ಯಾಯದ ಮಾತು ಹೇಳಲೇಬೇಕು. ತಯಾರಿಯಿಲ್ಲದೆ ಪ್ರವೇಶ ಪಡೆಯುವ ಸೌಲಭ್ಯವನ್ನು ಸರ್ಕಾರ ಬರೀ ವಿದ್ಯಾರ್ಥಿಗಳಿಗೆ ಮೀಸಲಿಟ್ಟಿಲ್ಲ, ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿದೆ. 2023ರ ಮಾರ್ಚ್‌ನಲ್ಲಿ ಚುನಾವಣೆ ಹೊಸ್ತಿಲಲ್ಲಿದ್ದಾಗ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಹೀಗೆ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಒಟ್ಟಿಗೆ ಉದ್ಘಾಟಿಸಿದರು. ತಲಾ 2 ಕೋಟಿ ರೂಪಾಯಿ. ಬೆಂಗಳೂರಿನಲ್ಲಿ ಅಷ್ಟು ಹಣಕ್ಕೆ ಮೂರು ಕೋಣೆಯ ಒಂದು ಫ್ಲ್ಯಾಟ್ ಬರುತ್ತದೆ, ಪಾರ್ಕಿಂಗ್ ಬೇರೆ. ನಿನ್ನೆಯವರೆಗೆ ಸ್ನಾತಕೋತ್ತರ ಕೇಂದ್ರವಾಗಿದ್ದ ಕಟ್ಟಡದ ಬೋರ್ಡು ಬದಲಾಯಿತು, ಒಳಗಿದ್ದವರು ಅವರೇ ಉಳಿದರು, ಕುಲಪತಿಗಳು ಹೊಸದಾಗಿ ಬಂದರು. ಹಳೆಯ ವಿಶ್ವವಿದ್ಯಾಲಯಗಳಾದರೂ ಸುಸ್ಥಿತಿಯಲ್ಲಿವೆ ಎನ್ನೋಣವೆಂದರೆ, ಬೋಧಕ ಹುದ್ದೆಗಳ ದೊಡ್ಡ ಪಾಲು ವರ್ಷಗಳಿಂದ ಖಾಲಿ ಬಿದ್ದಿದೆ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವೂ ನಿವೃತ್ತರ ಪಿಂಚಣಿ ಹೊಂದಿಸಲು ಒದ್ದಾಡುತ್ತಿದೆ.

ಹಾಗಿದ್ದ ಮೇಲೆ ಮುಚ್ಚಳಿಕೆಗೆ ಎರಡನೆಯ ಪುಟವೊಂದನ್ನು ಸೇರಿಸುವುದು ಶಿಸ್ತಿನ ದೃಷ್ಟಿಯಿಂದ ಉಚಿತವೆಂದು ನನ್ನ ನಮ್ರ ಸಲಹೆ. ಅದರ ಒಕ್ಕಣೆಯನ್ನೂ ಇಲಾಖೆಯ ಶೈಲಿಯಲ್ಲಿಯೇ ಬರೆದುಕೊಡಬಲ್ಲೆ: ‘ಈ ಕೆಳಗೆ ಸಹಿ ಮಾಡಿರುವ ವಿಶ್ವವಿದ್ಯಾಲಯವು, ಮೇಲ್ಕಂಡ ವಿದ್ಯಾರ್ಥಿಯ ಎದುರು ಸೆಮಿಸ್ಟರ್‌ನ ಮೊದಲ ದಿನದಿಂದಲೇ ಪ್ರತಿ ವಿಷಯಕ್ಕೆ ಒಬ್ಬ ಜೀವಂತ ಅಧ್ಯಾಪಕನನ್ನು ಹಾಜರುಪಡಿಸತಕ್ಕದ್ದೆಂದೂ, ಸದರಿ ವಿದ್ಯಾರ್ಥಿಗೆ ಈ ಹಿಂದೆ ದಯಪಾಲಿಸಲಾದ ಕೃಪಾಂಕಗಳಷ್ಟು ಪಾಠವನ್ನು ಪ್ರಥಮ ವರ್ಷದೊಳಗೆ ಬಾಕಿ ತೀರಿಸತಕ್ಕದ್ದೆಂದೂ, ಪರೀಕ್ಷೆ ಮುಗಿದ ಮೇಲೆ ಮುಂದಿನ ಪರೀಕ್ಷೆ ಬರುವುದರೊಳಗಾಗಿ ಫಲಿತಾಂಶ ಪ್ರಕಟಿಸತಕ್ಕದ್ದೆಂದೂ, ತಪ್ಪಿದಲ್ಲಿ ತನ್ನ ಮಾನ್ಯತೆಯನ್ನು ಯಾವುದೇ ಮುನ್ಸೂಚನೆಯಿಲ್ಲದೆ ರದ್ದುಪಡಿಸಲು ತನ್ನ ಅಭ್ಯಂತರವಿಲ್ಲವೆಂದೂ ಈ ಮೂಲಕ ಒಪ್ಪಿ ಬರೆದುಕೊಟ್ಟಿರುತ್ತದೆ.’ ಪೋಷಕರ ಸಹಿಯ ಜಾಗದಲ್ಲಿ ಉನ್ನತ ಶಿಕ್ಷಣ ಸಚಿವರ ಸಹಿ ಬಂದರೆ ಸಾಕು, ಹೆಬ್ಬೆಟ್ಟಾದರೂ ನಡೆಯುತ್ತದೆ.

ಇದರಲ್ಲಿ ಒಂದೇ ಒಂದು ತಾಂತ್ರಿಕ ತೊಡಕಿದೆ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರ ಅಧ್ಯಕ್ಷತೆಯ ಸಂಪುಟ ಉಪಸಮಿತಿಯು 2025ರ ಫೆಬ್ರುವರಿಯಲ್ಲಿ, ಆ ಏಳೂ ಸೇರಿದಂತೆ ಹೊಸದಾಗಿ ಹುಟ್ಟಿದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಚ್ಚಬಹುದೆಂದು ಶಿಫಾರಸು ಮಾಡಿತು. ವಿದ್ಯಾರ್ಥಿಯ ಪ್ರವೇಶವನ್ನು ಅನುಮೋದಿಸಬೇಕಾದ ವಿಶ್ವವಿದ್ಯಾಲಯದ ಪ್ರವೇಶವೇ ಹೀಗೆ ತಾತ್ಕಾಲಿಕವೆಂದು ತಿಳಿದ ಮೇಲೆ, ಹಾಸನದಲ್ಲಿಯೋ ಕೊಪ್ಪಳದಲ್ಲಿಯೋ ಪ್ರಥಮ ವರ್ಷಕ್ಕೆ ಸೇರುವ ಮಕ್ಕಳು ಅರ್ಜಿಯಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕಗಳನ್ನು ಶಾಯಿಯಲ್ಲಿ ಬರೆದು, ವಿಶ್ವವಿದ್ಯಾಲಯದ ಹೆಸರನ್ನು ಮಾತ್ರ ಪೆನ್ಸಿಲ್ಲಿನಲ್ಲಿ ತುಂಬುವುದು ಕ್ಷೇಮ.